ಜಗಲಿಯ ಮಾತು: ಕರತಾಡನದ ನಡುವೆ ಪಟ್ಟವೇರಿದ ಚಕ್ರವರ್ತಿ



ಈ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಮೊಮ್ಮಕ್ಕಳ ದಂಡು ಬಂದಿಳಿದಿದ್ದಿತು. ಹಗಲೆಲ್ಲ ಹಿತ್ತಿಲಿನ ಮಾವಿನ ಮರದ ಕೆಳಗೆ ಗಲಾಟೆ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕಥೆ. ಕಥೆ ಹೇಳುವ ಉದ್ಯೋಗವು ಬಹುಕಾಲದಿಂದ ನನ್ನದು. ಹಿರಣ್ಯಕಶಿಪು, ಭಸ್ಮಾಸುರ, ರಾವಣ, ಇವರ ಏರಿಳಿತಗಳನ್ನು ಹೇಳಿ ಹೇಳಿ ನನ್ನ ನಾಲಗೆ ಪಳಗಿರುವುದು. ಆದರೆ ಈ ಸಲ ನನ್ನ ಉದ್ಯೋಗಕ್ಕೆ ಸಂಚಕಾರ ಬಂದಿತು. ಮಕ್ಕಳು ತಮ್ಮ ಕಥೆಯನ್ನು ತಾವೇ ತಂದಿದ್ದರು. “ತಾತ, ನಿಮ್ಮ ರಾಕ್ಷಸರನ್ನೆಲ್ಲ ಕೇಳಿಯಾಯಿತು, ನಮ್ಮ ರಾಕ್ಷಸನನ್ನು ನೀವೊಮ್ಮೆ ನೋಡಬೇಕು” ಎಂದು ಕೈ ಹಿಡಿದು ಪರದೆಯ ಮುಂದೆ ಕೂರಿಸಿದರು. ಆರು ಸಂಜೆಗಳಲ್ಲಿ ಆರು ಚಲಚ್ಚಿತ್ರಗಳನ್ನು ನೋಡಿದ್ದಾಯಿತು. ‘ಸ್ಟಾರ್ ವಾರ್ಸ್’ ಎಂದು ಲೋಕಪ್ರಸಿದ್ಧವಾದ ಆ ನಕ್ಷತ್ರಯುದ್ಧದ ಕಥೆಯೂ, ಅದರಲ್ಲಿ ಬರುವ ಪಾಲ್ಪಟೀನನೆಂಬ ದುಷ್ಟ ಚಕ್ರವರ್ತಿಯ ಉದಯಾಸ್ತಗಳೂ ಈ ತಿಂಗಳ ಜಗಲಿಯ ಮಾತಿಗೆ ವಿಷಯವಾಗಿವೆ.

ಮಕ್ಕಳ ಆಟಿಕೆಯಂತಹ ಈ ಕಥೆಯಲ್ಲಿ ಸಂಸಾರಿಗಳಾದ ನಮಗೇನು ಕೆಲಸವೆಂದು ಕೆಲವರು ಕೇಳಬಹುದು. ನಾನೂ ಮೊದಲ ಸಂಜೆ ಹಾಗೆಯೇ ಎಣಿಸಿ, ಪರದೆಯ ಮುಂದೆ ಕುಳಿತು ಅರೆನಿದ್ದೆ ಮಾಡಿದೆನು. ಮೂರನೆಯ ಸಂಜೆ ನನ್ನ ನಿದ್ದೆ ಹಾರಿಹೋಯಿತು. ಆರನೆಯ ಸಂಜೆ, ಕಿರಿಯ ಮೊಮ್ಮಗಳೊಬ್ಬಳು ಕೇಳಿದ ಒಂದು ಪ್ರಶ್ನೆಯಿಂದ ಆ ರಾತ್ರಿಯ ನಿದ್ದೆಯೂ ಹೋಯಿತು. ಆ ಪ್ರಶ್ನೆಯನ್ನು ಕಡೆಯಲ್ಲಿ ಹೇಳುವೆನು, ಮೊದಲು ಕಥೆಯಾಗಲಿ.

ಈ ಕಥೆಯ ಕರ್ತೃವು ಅಮೆರಿಕದ ಜಾರ್ಜ್ ಲೂಕಸ್ ಎಂಬಾತನು. ಮೊದಲ ಚಿತ್ರವು ಹೊರಬಿದ್ದುದು 1977ನೆಯ ಇಸವಿಯ ಮೇ ತಿಂಗಳಲ್ಲಿ. ಅದರಲ್ಲಿ ಚಕ್ರವರ್ತಿಯು ಕಣ್ಣಿಗೆ ಬೀಳುವುದೇ ಇಲ್ಲ. ಚಕ್ರವರ್ತಿಯು ಸೆನೆಟ್ ಎಂಬ ಪ್ರತಿನಿಧಿಸಭೆಯನ್ನು ಶಾಶ್ವತವಾಗಿ ವಿಸರ್ಜಿಸಿದನೆಂಬ ಸುದ್ದಿಯನ್ನು ಸೇನಾಧಿಕಾರಿಗಳ ಕೂಟದಲ್ಲಿ ಒಬ್ಬನು ತಿಳಿಸುವನು, ಅಷ್ಟೆ. 1980ರಲ್ಲಿ ಬಂದ ಎರಡನೆಯ ಚಿತ್ರದಲ್ಲಿ ಅವನ ಮುಖವು ಬೆಳಕಿನ ಬಿಂಬವಾಗಿ ಕ್ಷಣಕಾಲ ಕಾಣಿಸುವುದು. ಆ ಮುಖವನ್ನು ಸಿದ್ಧಪಡಿಸಿದ ಬಗೆ ವಿಚಿತ್ರವಾದುದು. ಒಬ್ಬ ಸ್ತ್ರೀಯ ಮುಖಕ್ಕೆ ವೇಷ ಕಟ್ಟಿ, ಅದರ ಮೇಲೆ ಚಿಂಪಾಂಜಿಯ ಕಣ್ಣುಗಳನ್ನು ಕೂಡಿಸಿ, ಕ್ಲೈವ್ ರೆವಿಲ್ ಎಂಬ ಬೇರೊಬ್ಬ ನಟನ ಕಂಠವನ್ನು ಸೇರಿಸಿದರು. 1983ರ ಮೂರನೆಯ ಚಿತ್ರದಲ್ಲಿ ಮಾತ್ರ ಇಯನ್ ಮೆಕ್‌ಡಾರ್ಮಿಡ್ ಎಂಬ ಸ್ಕಾಟ್ಲೆಂಡಿನ ರಂಗನಟನು ಚಕ್ರವರ್ತಿಯಾಗಿ ಸಾಕ್ಷಾತ್ ಬಂದು ನಿಂತನು. 1944ರಲ್ಲಿ ಹುಟ್ಟಿದ ಆತನಿಗೆ ಆಗ ನಲವತ್ತೂ ತುಂಬಿರಲಿಲ್ಲ. ಆದರೂ ಸುಕ್ಕುಗಟ್ಟಿದ ಮುದುಕನ ವೇಷ. ಮುಂದೆ 1999, 2002, 2005ರಲ್ಲಿ ಲೂಕಸನು ಚಕ್ರವರ್ತಿಯ ಪೂರ್ವಕಥೆಯನ್ನು ಮೂರು ಚಿತ್ರಗಳಾಗಿ ತೆಗೆದಾಗ, ಐವತ್ತು ದಾಟಿದ್ದ ಅದೇ ನಟನು ಅದೇ ಪಾತ್ರದ ಹಿಂದಿನ ವಯಸ್ಸನ್ನು ಅಭಿನಯಿಸಿದನು. ಯೌವನದಲ್ಲಿ ಮುದುಕನಾಗಿ, ವಯಸ್ಸಾದ ಮೇಲೆ ಅವನಿಗಿಂತ ಕಿರಿಯನಾಗಿ ನಟಿಸುವ ಭಾಗ್ಯವು ಎಷ್ಟು ಮಂದಿಗೆ ಬರುವುದು!

ಪಾಲ್ಪಟೀನನೆಂಬ ಹೆಸರು ಮೊದಲ ಮೂರು ಚಿತ್ರಗಳಲ್ಲಿ ಒಮ್ಮೆಯೂ ಉಚ್ಚರಿತವಾಗುವುದಿಲ್ಲ. ಆದರೆ 1976ರ ಕೊನೆಯಲ್ಲಿಯೇ ಅಚ್ಚಾದ ಕಾದಂಬರಿರೂಪದ ಪೀಠಿಕೆಯಲ್ಲಿ ಅದು ಇರುವುದು. ಅಲ್ಲಿ ಅವನು ಜನರಿಂದ ಆಯ್ಕೆಯಾಗಿ ಬಂದ ಮಹತ್ತ್ವಾಕಾಂಕ್ಷಿ. ಬಳಿಕ ತನಗೆ ತಾನೇ ಚಕ್ರವರ್ತಿಪಟ್ಟವನ್ನು ಕಟ್ಟಿಕೊಂಡು, ಕಡೆಗೆ ತಾನು ನೇಮಿಸಿದ ಅಧಿಕಾರಿಗಳ ಕೈಗೊಂಬೆಯಾದವನು. ಕೈಗೊಂಬೆಯ ಅಂಶವು ಮುಂದೆ ಬಿದ್ದುಹೋಯಿತು. ಆಯ್ಕೆಯಾಗಿ ಬಂದವನೆಂಬ ಅಂಶವು ಮಾತ್ರ ಉಳಿಯಿತು. ಇಡೀ ಕಥೆಯ ಬೇರು ಅದೇ. ನಮ್ಮ ಪುರಾಣದ ದೈತ್ಯರು ತಪಸ್ಸು ಮಾಡಿ ಬ್ರಹ್ಮನಿಂದಲೋ ಈಶ್ವರನಿಂದಲೋ ವರವನ್ನು ಪಡೆದರು. ಈ ದೈತ್ಯನಾದರೋ ವರವನ್ನು ಪಡೆದುದು ಜನಗಳ ಕೈಯಿಂದ.

ಪೂರ್ವಕಥೆಯ ಕಾಲದಲ್ಲಿ ಸಾವಿರಾರು ಲೋಕಗಳು ಒಂದು ಗಣರಾಜ್ಯವಾಗಿ ಕೂಡಿ ಬಾಳುತ್ತಿದ್ದುವು. ಎಲ್ಲ ಲೋಕಗಳ ಪ್ರತಿನಿಧಿಗಳೂ ಸೆನೆಟ್ ಸಭೆಯಲ್ಲಿ ಸೇರುವರು. ಸಭೆಗೆ ಚಾನ್ಸಲರನೆಂಬ ಮುಖ್ಯಾಧಿಕಾರಿ. ಜೆಡೈ ಎಂಬ ಬೈರಾಗಿ ಯೋಧರ ಪಂಗಡವೊಂದು ಶಾಂತಿಯನ್ನು ಕಾಯುತ್ತಿದ್ದಿತು. ಇವರಿಗೆ ಹಗೆಗಳಾದ ಸಿತ್ ಎಂಬವರ ಪಂಗಡವು ಸಾವಿರ ವರ್ಷದ ಹಿಂದೆಯೇ ನಿರ್ನಾಮವಾಯಿತೆಂದು ಎಲ್ಲರ ನಂಬಿಕೆ. ನಾಬೂ ಎಂಬ ಚಿಕ್ಕ ಲೋಕದ ಪ್ರತಿನಿಧಿಯಾದ ಪಾಲ್ಪಟೀನನು ಮೃದುಭಾಷಿ, ವಿನಯಸಂಪನ್ನ. ಅವನೇ ಗುಪ್ತವಾಗಿ ಸಿತ್ ಪಂಗಡದ ಗುರುವೆಂಬುದನ್ನು ಯಾರೂ ಅರಿಯರು. ಹಗಲಿಗೊಂದು ಮುಖ, ಇರುಳಿಗೊಂದು ಮುಖ.

ಅವನು ಏರಿದ ಮೆಟ್ಟಿಲುಗಳು ಮೂರು. ಮೂರನ್ನೂ ಅವನಿಗೆ ಕಟ್ಟಿಕೊಟ್ಟವರು ಸಜ್ಜನರು. ನನ್ನ ನಿದ್ದೆಯನ್ನು ಕೆಡಿಸಿದುದು ಈ ಸಂಗತಿಯೇ. ಆದುದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳುವೆನು.

ಮೊದಲನೆಯ ಮೆಟ್ಟಿಲನ್ನು ಕಟ್ಟಿದವಳು ನಾಬೂವಿನ ರಾಣಿ ಪದ್ಮೆ. ಈ ಹೆಸರು ನಮ್ಮ ಕಿವಿಗೆ ಮನೆಯ ಹೆಣ್ಣುಮಗಳ ಹೆಸರಿನಂತೆಯೇ ಕೇಳಿಸುವುದು. ಹದಿನಾಲ್ಕೇ ವರ್ಷದ ಈ ಬಾಲೆಯು ಜನರಿಂದ ಆಯ್ಕೆಯಾದ ರಾಣಿ. ವ್ಯಾಪಾರಮಾರ್ಗಗಳ ಸುಂಕದ ಜಗಳದಲ್ಲಿ ವರ್ತಕರ ಒಕ್ಕೂಟವೊಂದು ನಾಬೂವನ್ನು ಮುತ್ತಿ, ಸೈನ್ಯವನ್ನು ಇಳಿಸಿತು. ಆ ವರ್ತಕರಿಗೆ ಕುಮ್ಮಕ್ಕು ಕೊಟ್ಟವನು ಇರುಳು ಮುಖದ ಪಾಲ್ಪಟೀನನೇ. ಹಗಲು ಮುಖದವನಾಗಿ ಅವನು ರಾಣಿಯ ಬಳಿಗೆ ಬಂದು, ಈಗಿನ ಚಾನ್ಸಲರನು ದುರ್ಬಲನು, ಅವನನ್ನು ಇಳಿಸದೆ ನಿಮ್ಮ ಪ್ರಜೆಗಳಿಗೆ ಉಳಿಗಾಲವಿಲ್ಲವೆಂದು ಮರುಕದಿಂದ ಬೋಧಿಸಿದನು. ತನ್ನ ಜನರ ದುಃಖದಿಂದ ಬೆಂದಿದ್ದ ಹುಡುಗಿಯು ಸಭೆಯಲ್ಲಿ ಅವಿಶ್ವಾಸದ ಸೂಚನೆಯನ್ನು ತಂದಳು. ಚಾನ್ಸಲರನು ಬಿದ್ದನು, ನೊಂದ ಲೋಕದ ಪ್ರತಿನಿಧಿಯೆಂಬ ಅನುಕಂಪದ ಬಲದಿಂದ ಪಾಲ್ಪಟೀನನೇ ಆ ಪೀಠಕ್ಕೆ ಆಯ್ಕೆಯಾದನು. ಮನೆಗೆ ಬೆಂಕಿಯಿಟ್ಟವನೇ ಕೊಡ ಹಿಡಿದು ಮುಂದೆ ಬಂದರೆ, ಉರಿಯುವ ಮನೆಯವರು ಕೊಡವನ್ನು ನೋಡುವರೇ ಹೊರತು ಕೈಯಲ್ಲಿರುವ ಮಸಿಯನ್ನು ನೋಡಲಾರರು.

ಹತ್ತು ವರ್ಷಗಳು ಕಳೆದುವು. ಅನೇಕ ಲೋಕಗಳು ಗಣರಾಜ್ಯವನ್ನು ಬಿಟ್ಟುಹೋಗುವೆವೆಂದು ದಂಗೆಯೆದ್ದುವು. ಆ ದಂಗೆಯ ನಾಯಕನಾದ ಡೂಕು ಪ್ರಭುವು ಪಾಲ್ಪಟೀನನ ಗುಪ್ತಶಿಷ್ಯನು. ಇತ್ತ ಗಣರಾಜ್ಯದ ಹೆಸರಿನಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಬ್ಬನೇ ಮನುಷ್ಯನ ಪ್ರತಿರೂಪಗಳಾದ ಲಕ್ಷಾಂತರ ಸೈನಿಕರು ಒಂದು ದೂರದ ಲೋಕದಲ್ಲಿ ಸಿದ್ಧರಾಗಿರುವ ಸಂಗತಿಯು ಬೆಳಕಿಗೆ ಬಂದಿತು. ಸೈನ್ಯವುಂಟು, ಶತ್ರುವುಂಟು, ಆಜ್ಞೆ ಕೊಡಲು ಅಧಿಕಾರವೊಂದೇ ಇಲ್ಲ. ಈ ಎರಡನೆಯ ಮೆಟ್ಟಿಲನ್ನು ಕಟ್ಟಿದವನು ಜಾರ್ ಜಾರ್ ಬಿಂಕ್ಸ್ ಎಂಬ ಸಾಧುಪ್ರಾಣಿ. ನಗೆಪಾತ್ರವೆಂದೇ ಮಕ್ಕಳು ಬಲ್ಲ, ಕಪಟವರಿಯದ ಜೀವ. ಪದ್ಮೆಯು ಊರಿನಲ್ಲಿಲ್ಲದಾಗ ಅವಳ ಸ್ಥಾನದಲ್ಲಿ ಸಭೆಯಲ್ಲಿದ್ದ ಅವನು, ಪಾಲ್ಪಟೀನನ ಆಪ್ತರು ಮುಂದೆ ದೂಡಿದಂತೆ ಎದ್ದು ನಿಂತು, ಚಾನ್ಸಲರಿಗೆ ವಿಶೇಷಾಧಿಕಾರಗಳನ್ನು ಕೊಡಬೇಕೆಂದು ಸೂಚಿಸಿದನು. ಸಭೆಯು ಹರ್ಷಧ್ವನಿ ಮಾಡಿತು. ತನಗೆ ಅಧಿಕಾರದಲ್ಲಿ ಆಸೆಯಿಲ್ಲವೆಂದೂ, ಸಂಕಟವು ತೀರಿದೊಡನೆ ಎಲ್ಲವನ್ನೂ ಹಿಂದಕ್ಕೆ ಕೊಡುವೆನೆಂದೂ ಪಾಲ್ಪಟೀನನು ತಗ್ಗಿದ ಧ್ವನಿಯಲ್ಲಿ ನುಡಿದನು. ಸಂಕಟವು ಎಂದು ತೀರುವುದೆಂಬುದನ್ನು ನಿರ್ಣಯಿಸುವವನೂ ತಾನೇ ಆಗಿರುವಾಗ ಇಂತಹ ಮಾತನ್ನು ಕೊಡಲು ಖರ್ಚೇನು?

ಇಲ್ಲಿ ಕಥೆಗಾರನು ಒಂದು ಚಿಕ್ಕ ಸಂಗತಿಯನ್ನು ಸದ್ದಿಲ್ಲದೆ ಇಟ್ಟಿರುವನು. ಪದ್ಮೆಯ ರಾಣಿತನಕ್ಕೆ ಎರಡು ಅವಧಿಗಳ ಮಿತಿಯಿದ್ದಿತು. ಜನರು ಅವಳ ಮೇಲಿನ ಪ್ರೀತಿಯಿಂದ ಕಟ್ಟಳೆಯನ್ನೇ ತಿದ್ದಿ ಅವಳನ್ನು ಉಳಿಸಿಕೊಳ್ಳಲೆತ್ನಿಸಿದರು. ಅವಳು ಒಪ್ಪದೆ ಇಳಿದಳು. ಅದೇ ನೆಲದಲ್ಲಿ ಹುಟ್ಟಿದ ಪಾಲ್ಪಟೀನನಾದರೋ ಅವಧಿಯು ಮುಗಿದ ಮೇಲೂ ಪೀಠದಲ್ಲಿ ಕುಳಿತನು. ಕೇಳಿದರೆ, ಸಭೆಯೇ ಬೇಡಿಕೊಂಡಿತೆಂಬ ಉತ್ತರ. ಒಂದೇ ಊರಿನ ನೀರು ಕುಡಿದ ಇಬ್ಬರಲ್ಲಿ ಒಬ್ಬಳು ಪ್ರೀತಿಯಿಂದ ಕೊಟ್ಟುದನ್ನೂ ಒಲ್ಲೆನೆಂದಳು. ಮತ್ತೊಬ್ಬನು ನಂಬಿ ಕೊಟ್ಟುದನ್ನು ಹಿಂದಿರುಗಿಸಲಿಲ್ಲ.

ಮೂರನೆಯ ಮೆಟ್ಟಿಲು ಅನಾಕಿನ್ ಸ್ಕೈವಾಕರ್. ದಾಸಿಯ ಮಗನಾಗಿ ಮರಳುಗಾಡಿನ ಲೋಕದಲ್ಲಿ ಬಾಲ್ಯವನ್ನು ಕಳೆದು, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಅಗಲಿ ಬಂದು, ಜೆಡೈಗಳ ಗುಂಪಿನಲ್ಲಿ ಮಹಾಯೋಧನಾಗಿ ಬೆಳೆದವನು. ತಾಯಿಯು ಅವನ ತೋಳಿನಲ್ಲಿಯೇ ಸತ್ತಳು. ಆ ನೋವು ಆರಲಿಲ್ಲ. ಪಂಗಡದ ಕಟ್ಟಳೆಯನ್ನು ಮೀರಿ ಪದ್ಮೆಯನ್ನು ಗುಟ್ಟಾಗಿ ಮದುವೆಯಾದನು. ಅವಳು ಗರ್ಭಿಣಿಯಾದಾಗ, ಹೆರಿಗೆಯಲ್ಲಿ ಅವಳು ಸಾಯುವಂತೆ ಅವನಿಗೆ ಕನಸುಗಳು ಬೀಳತೊಡಗಿದುವು. ಈ ಭಯವನ್ನು ಪಾಲ್ಪಟೀನನು ಮೂಸಿ ಹಿಡಿದನು. ಒಂದು ರಾತ್ರಿ ನಾಟ್ಯಗೃಹದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಸಾವನ್ನು ತಡೆಯಬಲ್ಲವನಾಗಿದ್ದ ಪ್ಲೇಗಿಸನೆಂಬ ಸಿತ್ ಗುರುವಿನ ಕಥೆಯನ್ನು ಹೇಳಿದನು. ಆ ಗುರುವನ್ನು ಅವನ ಶಿಷ್ಯನೇ ನಿದ್ದೆಯಲ್ಲಿ ಕೊಂದನೆಂಬುದನ್ನೂ ಕಿರುನಗೆಯೊಡನೆ ಹೇಳಿದನು. ಆ ಶಿಷ್ಯನು ಯಾರೆಂಬುದು ನೋಡುವವರಿಗೆ ಹೊಳೆಯದೆ ಇರುವುದಿಲ್ಲ. ಅನಾಕಿನನಿಗೆ ಹೊಳೆಯಲಿಲ್ಲ. ಪ್ರೀತಿಯ ಜೀವವು ಹೋಗುವುದೆಂಬ ಹೆದರಿಕೆಯಲ್ಲಿರುವವನಿಗೆ ಔಷಧವು ಬೇಕೇ ಹೊರತು ವೈದ್ಯನ ಪೂರ್ವೋತ್ತರವು ಬೇಡ. ಗುಟ್ಟು ಬಯಲಾಗಿ, ಮೇಸ್ ವಿಂಡುವೆಂಬ ಹಿರಿಯ ಜೆಡೈಯು ಪಾಲ್ಪಟೀನನನ್ನು ಸೆರೆಹಿಡಿಯಲು ಬಂದು ಇನ್ನೇನು ಗೆದ್ದನೆಂಬಾಗ, ಅನಾಕಿನನು ನಡುವೆ ಬಿದ್ದು ವಿಂಡುವಿನ ಕೈಯನ್ನು ಕತ್ತರಿಸಿದನು. ದುಷ್ಟನು ಉಳಿದನು, ವಿಂಡುವು ಸತ್ತನು.

ಮುಂದಿನದೆಲ್ಲ ಒಂದೇ ಉಸಿರಿನಲ್ಲಿ ನಡೆದುಹೋಯಿತು. ಗುಪ್ತಾಜ್ಞೆಯೊಂದು ಹೊರಟು, ತಮ್ಮನ್ನು ನಡೆಸುತ್ತಿದ್ದ ಜೆಡೈ ನಾಯಕರನ್ನು ಸೈನಿಕರೇ ಬೆನ್ನ ಹಿಂದಿನಿಂದ ಕೊಂದರು. ಕಾದಾಟದಲ್ಲಿ ತನ್ನದೇ ಮಿಂಚು ತಿರುಗಿ ಬಡಿದು ವಿಕಾರಗೊಂಡ ಮುಖವನ್ನು ಸಭೆಗೆ ತೋರಿಸುತ್ತ, ಇದು ನನ್ನ ಕೊಲೆಗೆ ನಡೆದ ಸಂಚಿನ ಗುರುತೆಂದು ಹೇಳಿ, ನಾಡಿನ ಭದ್ರತೆಗಾಗಿ ಗಣರಾಜ್ಯವನ್ನು ಸಾಮ್ರಾಜ್ಯವಾಗಿ ಮಾರ್ಪಡಿಸಿರುವೆನೆಂದು ಪಾಲ್ಪಟೀನನು ಸಾರಿದನು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಸದ್ದಿನ ನಡುವೆಯೇ ಸ್ವಾತಂತ್ರ್ಯವು ಪ್ರಾಣ ಬಿಡುತ್ತಿರುವುದನ್ನು ಗುರುತಿಸಿದವಳು ಪದ್ಮೆ. ಮೊದಲನೆಯ ಮೆಟ್ಟಿಲನ್ನು ತನ್ನ ಕೈಯಿಂದ ಕಟ್ಟಿದವಳು. ಅವಳಿಗೆ ಅವಳಿ ಮಕ್ಕಳು ಹುಟ್ಟಿ, ಅವಳು ಸತ್ತೇ ಹೋದಳು. ಅವಳನ್ನು ಉಳಿಸಲೆಂದೇ ತನ್ನನ್ನು ಮಾರಿಕೊಂಡ ಅನಾಕಿನನು ಬೆಂಕಿಯಲ್ಲಿ ಬೆಂದು, ಯಂತ್ರಕವಚದೊಳಗೆ ಉಸಿರಾಡುವ ಡಾರ್ತ್ ವೇಡರನಾದನು. ಅವಳನ್ನು ಕೊಂದವನು ನೀನೇ ಎಂದು ಚಕ್ರವರ್ತಿಯು ಅವನಿಗೆ ತಿಳಿಸುವ ಗಳಿಗೆಯಲ್ಲಿ, ನಮ್ಮ ಮನೆಯ ಮಕ್ಕಳೆಲ್ಲ ಮಾತಿಲ್ಲದೆ ಕುಳಿತಿದ್ದರು.

ಇದೆಲ್ಲ ಆಕಾಶದ ಕಥೆಯೆಂದು ತಳ್ಳಿಹಾಕಲಾಗದು. ಲೂಕಸನು ಇದನ್ನು ಭೂಮಿಯಿಂದಲೇ ಹೆಕ್ಕಿಕೊಂಡನು. ತನ್ನ ದೇಶದ ಅಧ್ಯಕ್ಷನಾಗಿದ್ದು, 1974ರ ಆಗಸ್ಟಿನಲ್ಲಿ ಅಪಕೀರ್ತಿಯೊಡನೆ ಪದವಿಯನ್ನು ಬಿಟ್ಟ ರಿಚರ್ಡ್ ನಿಕ್ಸನನು ಚಕ್ರವರ್ತಿಯ ಪಾತ್ರವನ್ನು ಕಲ್ಪಿಸುವಾಗ ತನ್ನ ಮನಸ್ಸಿನಲ್ಲಿದ್ದನೆಂದು ಅವನೇ ಹೇಳಿರುವನು. ರೋಮಿನ ಸೀಸರ್, ಫ್ರಾನ್ಸಿನ ನೆಪೋಲಿಯನ್, ಜರ್ಮನಿಯ ಹಿಟ್ಲರ್, ಇವರ ಚರಿತ್ರೆಗಳನ್ನು ನೋಡಿ, ಪ್ರಜಾಪ್ರಭುತ್ವವು ಕಿತ್ತುಕೊಳ್ಳಲ್ಪಡುವುದಕ್ಕಿಂತ ಹೆಚ್ಚಾಗಿ ತಾನಾಗಿ ಕೊಡಲ್ಪಡುವುದೆಂಬ ತೀರ್ಮಾನಕ್ಕೆ ಬಂದುದಾಗಿಯೂ ತಿಳಿಸಿರುವನು.

ಜರ್ಮನಿಯ ಸಂಗತಿಯನ್ನೇ ನೋಡಿರಿ. 1933ರ ಜನವರಿ 30ರಂದು ಹಿಟ್ಲರನು ಚಾನ್ಸಲರನಾದುದು ದಂಗೆಯಿಂದಲ್ಲ. ಅಧ್ಯಕ್ಷನಾದ ಹಿಂಡೆನ್‌ಬರ್ಗನು ಕಾನೂನಿನಂತೆ ನೇಮಿಸಿದುದರಿಂದ. ಫೆಬ್ರವರಿ 27ರ ರಾತ್ರಿ ಪ್ರತಿನಿಧಿಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಜನರ ಹಕ್ಕುಗಳನ್ನು ತಡೆಹಿಡಿಯುವ ಆಜ್ಞೆಯು ಹೊರಟಿತು. ಮಾರ್ಚ್ 23ರಂದು, ಸಭೆಯ ಒಪ್ಪಿಗೆಯಿಲ್ಲದೆಯೇ ಕಾನೂನು ಮಾಡುವ ಅಧಿಕಾರವನ್ನು ನಾಲ್ಕು ವರ್ಷಗಳ ಮಟ್ಟಿಗೆ ಸರ್ಕಾರಕ್ಕೆ ಕೊಡುವ ಶಾಸನವನ್ನು ಸಭೆಯೇ ಅಂಗೀಕರಿಸಿತು. ಪರವಾಗಿ 444 ಮತಗಳು, ವಿರೋಧವಾಗಿ 94. ಆ 94 ಮಂದಿಯೂ ಒಂದೇ ಪಕ್ಷದವರು. ಕಮ್ಯೂನಿಸ್ಟ್ ಪ್ರತಿನಿಧಿಗಳನ್ನು ಸಭೆಗೆ ಬರಗೊಡಲೇ ಇಲ್ಲ. ನಾಲ್ಕು ವರ್ಷದ ಶಾಸನವು ಮತ್ತೆ ಮತ್ತೆ ಮುಂದುವರಿದು, 1945ರಲ್ಲಿ ದೇಶವು ಬೂದಿಯಾಗುವವರೆಗೂ ಉಳಿಯಿತು.

ಇದಕ್ಕೆ ಎದುರಾದ ಇನ್ನೊಂದು ಕಥೆಯು ರೋಮನರಲ್ಲಿರುವುದು. ಅವರಲ್ಲಿ ಆಪತ್ತಿನ ಕಾಲಕ್ಕೆ ಒಬ್ಬನಿಗೆ ಸರ್ವಾಧಿಕಾರವನ್ನು ಕೊಡುವ ಪದ್ಧತಿಯಿದ್ದಿತು; ಆದರೆ ಆರು ತಿಂಗಳಿಗೆ ಮೀರಿ ಅಲ್ಲ. ಕ್ರಿಸ್ತಪೂರ್ವ 458ರಲ್ಲಿ ಸಿನ್‌ಸಿನೇಟಸನೆಂಬ ರೈತನನ್ನು ಉಳುವ ಹೊಲದಿಂದ ಕರೆತಂದು ಆ ಪದವಿಯನ್ನು ಕೊಟ್ಟರೆಂದೂ, ಅವನು ಶತ್ರುವನ್ನು ಗೆದ್ದು ಹದಿನಾರನೆಯ ದಿನ ಅಧಿಕಾರವನ್ನು ಕೆಳಗಿಟ್ಟು ಮತ್ತೆ ನೇಗಿಲಿಗೆ ಹೋದನೆಂದೂ ಪರಂಪರೆಯ ಕಥೆ. ಕ್ರಿಸ್ತಪೂರ್ವ 44ರಲ್ಲಿ ಅದೇ ಪದವಿಯನ್ನು ಜೂಲಿಯಸ್ ಸೀಸರನು ಜೀವಮಾನಪರ್ಯಂತ ಪಡೆದನು. ಹೆಸರು ಒಂದೇ, ಪೀಠ ಒಂದೇ; ಆರು ತಿಂಗಳೆಂಬ ಗೆರೆಯೊಂದು ಮಾತ್ರ ಅಳಿಸಿಹೋಗಿದ್ದಿತು.

ಇನ್ನು ಚಕ್ರವರ್ತಿಯ ಪತನವನ್ನು ಹೇಳಬೇಕು. ಏರುವಾಗ ಅವನು ಬಳಸಿದುದು ಜನರ ನಂಬಿಕೆಯನ್ನು. ಆಳುವಾಗ ಬಳಸಿದುದು ಭಯವನ್ನು ಮಾತ್ರ. ಲೋಕವನ್ನೇ ಒಂದೇ ಏಟಿಗೆ ಪುಡಿಮಾಡುವ ಮಹಾಯಂತ್ರವೊಂದನ್ನು ಕಟ್ಟಿಸಿದನು. ಅದು ಸಿದ್ಧವಾದೊಡನೆ, ಇನ್ನು ಸಭೆಯ ಅವಶ್ಯಕತೆಯಿಲ್ಲವೆಂದು ವಿಸರ್ಜಿಸಿದನು. ಆಲ್ಡೆರಾನ್ ಎಂಬ ನಿರಾಯುಧ ಲೋಕವು ಆ ಯಂತ್ರದ ಬಾಯಿಗೆ ಬಲಿಯಾಯಿತು. ಹೆದರಿದವರು ಸುಮ್ಮನಾಗುವರೆಂಬುದು ಅವನ ಲೆಕ್ಕ. ಆದರೆ ಮನೆ ಮಠಗಳನ್ನು ಕಳೆದುಕೊಂಡವರಿಗೆ ಹೆದರಲು ಏನು ಉಳಿದಿತ್ತು? ದಂಗೆಯವರು ಆ ಯಂತ್ರವನ್ನು ಒಡೆದರು. ಅವನು ಮತ್ತೊಂದನ್ನು ಕಟ್ಟಿಸಿ, ಅದರ ಸುದ್ದಿಯನ್ನು ತಾನೇ ಬೇಹಿನವರ ಕಿವಿಗೆ ಬೀಳುವಂತೆ ಮಾಡಿ, ದಂಗೆಯವರೆಲ್ಲರನ್ನೂ ಒಂದೆಡೆಗೆ ಸೆಳೆದು ಬಲೆಯೊಡ್ಡಿದನು.

ಎಲ್ಲವನ್ನೂ ಎಣಿಸಿದ್ದ ಅವನು ಎಣಿಸದೆ ಬಿಟ್ಟುದು ಒಂದೇ. ಸಿತ್ ಪಂಗಡದಲ್ಲಿ ಯಾವಾಗಲೂ ಇಬ್ಬರೇ ಇರುವರು: ಗುರುವೊಬ್ಬ, ಶಿಷ್ಯನೊಬ್ಬ. ಪಾಲ್ಪಟೀನನಿಗೆ ಶಿಷ್ಯನೆಂಬುವನು ಹಳತಾದೊಡನೆ ಬದಲಿಸತಕ್ಕ ಪಾದರಕ್ಷೆ. ಹಿಂದೆ ಡೂಕುವಿನ ಜಾಗಕ್ಕೆ ಅನಾಕಿನನನ್ನು ತರಲು, ಅವನ ಕೈಯಿಂದಲೇ ಡೂಕುವಿನ ತಲೆಯನ್ನು ತೆಗೆಯಿಸಿದ್ದನು. ಈಗ ಅದೇ ಆಟವನ್ನು ಮತ್ತೆ ಹೂಡಿ, ವೇಡರನ ಮಗನಾದ ಲೂಕನಿಗೆ, ನಿನ್ನ ತಂದೆಯನ್ನು ಕೊಂದು ಅವನ ಜಾಗದಲ್ಲಿ ನಿಲ್ಲೆಂದು, ತಂದೆಯು ಕೇಳುತ್ತಿರುವಂತೆಯೇ ಹೇಳಿದನು. ಮಗನು ಗೆದ್ದಿದ್ದನು, ತಂದೆಯು ಕೆಳಗೆ ಬಿದ್ದಿದ್ದನು. ಆಗ ಮಗನು ತನ್ನ ಬೆಳಕಿನ ಖಡ್ಗವನ್ನು ಎಸೆದುಬಿಟ್ಟನು. ಕ್ರೋಧಗೊಂಡ ಚಕ್ರವರ್ತಿಯು ಬೆರಳುಗಳಿಂದ ಮಿಂಚನ್ನು ಸುರಿಸಿ ಹುಡುಗನನ್ನು ಸುಡತೊಡಗಿದನು. ಹುಡುಗನು ಕೂಗಿ ಕರೆದುದು ತಂದೆಯನ್ನು. ಯಂತ್ರಕವಚದ ಆ ಮನುಷ್ಯನು ಒಮ್ಮೆ ಮಗನನ್ನು ನೋಡಿದನು, ಒಮ್ಮೆ ಒಡೆಯನನ್ನು ನೋಡಿದನು. ಬಳಿಕ ಒಡೆಯನನ್ನು ಎತ್ತಿ ಪಾತಾಳದಂತಹ ಕುಳಿಗೆ ಒಗೆದನು. ಅದರಲ್ಲಿ ತನ್ನ ಪ್ರಾಣವೂ ಹೋಯಿತು. ಹೆಂಡತಿಯನ್ನು ಕಳೆದುಕೊಳ್ಳುವೆನೆಂಬ ಭಯದಿಂದ ಅವನನ್ನು ಪೀಠಕ್ಕೇರಿಸಿದವನು, ಮಗನ ಮೇಲಿನ ಮಮತೆಯಿಂದ ಅವನನ್ನು ಉರುಳಿಸಿದನು. ಹಿರಣ್ಯಕಶಿಪುವಿನ ಕಥೆಯಲ್ಲಿ ಮಗನಿಗಾಗಿ ಕಂಬವು ಒಡೆಯಿತು. ಇಲ್ಲಿ ತಂದೆಯ ಎದೆಯೇ ಒಡೆಯಿತು.

2019ರಲ್ಲಿ ಬಂದ ಮತ್ತೊಂದು ಚಿತ್ರದಲ್ಲಿ ಈ ಚಕ್ರವರ್ತಿಯು ಸಾಯದೆ ಎಲ್ಲಿಯೋ ಅಡಗಿದ್ದನೆಂದು ತೋರಿಸಿ, ಅವನ ಮೊಮ್ಮಗಳಾದ ರೇ ಎಂಬವಳ ಎದುರಿನಲ್ಲಿ ಅವನದೇ ಮಿಂಚಿನಿಂದ ಅವನನ್ನು ಮತ್ತೊಮ್ಮೆ ಸುಡಿಸಿರುವರಂತೆ. ಲೂಕಸನ ಸಂಸ್ಥೆಯನ್ನು 2012ರಲ್ಲಿ ಡಿಸ್ನಿಯವರು ಕೊಂಡ ಮೇಲೆ ಆದ ಚಿತ್ರವಿದು. ಹಿರಿಯ ಮೊಮ್ಮಗನು ಅದರ ಕಥೆಯನ್ನು ಬಾಯಿಂದಲೇ ಹೇಳಿದನು. ತಂದೆಯು ಪ್ರಾಣ ಕೊಟ್ಟು ಮಾಡಿದ ಕೆಲಸವನ್ನು ಹೀಗೆ ಹಗುರಮಾಡಬಾರದಿತ್ತೆಂದು ನನಗೆ ತೋರಿತು. “ದುಷ್ಟರು ಒಂದೇ ಸಲಕ್ಕೆ ಮುಗಿಯುವುದಿಲ್ಲ ತಾತ” ಎಂದು ಅವನು ವಾದಿಸಿದನು. ಇರಬಹುದು.

ಆರನೆಯ ಸಂಜೆ ಚಿತ್ರವು ಮುಗಿದು, ಲೋಕಗಳಲ್ಲೆಲ್ಲ ಹಬ್ಬವಾಗುತ್ತಿರಲು, ಹನ್ನೊಂದು ವರ್ಷದ ಕಿರಿಯ ಮೊಮ್ಮಗಳು ನನ್ನ ಕಡೆಗೆ ತಿರುಗಿ ಕೇಳಿದಳು: “ತಾತ, ಅವೊತ್ತು ಸಭೆಯಲ್ಲಿ ಚಪ್ಪಾಳೆ ತಟ್ಟಿದರಲ್ಲ, ಅವರಿಗೆಲ್ಲ ಏನಾಯಿತು?”

ನಾನು ಉತ್ತರ ಹೇಳಲಿಲ್ಲ. ಅದಕ್ಕೆ ಕಾರಣವಿರುವುದು; ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳುವೆನು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಒಂದು ಚಿಕ್ಕ ಊರಿನಲ್ಲಿದ್ದೆವು. ಅಲ್ಲಿ ಜನರೇ ಚಂದಾ ಕೂಡಿಸಿ ನಡೆಸುತ್ತಿದ್ದ ಒಂದು ವಾಚನಾಲಯವಿದ್ದಿತು. ಕಾರ್ಯಕಾರೀ ಮಂಡಲಿಯಲ್ಲಿ ಸದಾ ಜಗಳ. ಲೆಕ್ಕವು ಹೊಂದದು, ಪುಸ್ತಕಗಳು ಹಿಂದಿರುಗವು. ಒಂದು ಸರ್ವಸದಸ್ಯರ ಸಭೆಯಲ್ಲಿ, ಎಲ್ಲರಿಗೂ ಬೇಕಾದವರಾದ ಮಹನೀಯರೊಬ್ಬರ ಹೆಸರನ್ನೆತ್ತಿ, ಮಂಡಲಿಯನ್ನು ಬರಖಾಸ್ತು ಮಾಡಿ ಆರು ತಿಂಗಳ ಕಾಲ ಎಲ್ಲ ಅಧಿಕಾರವನ್ನೂ ಅವರೊಬ್ಬರಿಗೇ ವಹಿಸಬೇಕೆಂದು ಯಾರೋ ಸೂಚಿಸಿದರು. ಅನುಮೋದಿಸಿದವನು ನಾನು. ಒಳ್ಳೆಯ ಮನಸ್ಸಿನಿಂದಲೇ ಅನುಮೋದಿಸಿದೆನು. ಹಿಂದಿನ ಸಾಲಿನಿಂದ ನಿವೃತ್ತರಾದ ಒಬ್ಬ ಮೇಷ್ಟರು ಎದ್ದು, “ಆರು ತಿಂಗಳಾದ ಮೇಲೆ ಸಭೆಯನ್ನು ಕರೆಯತಕ್ಕವರು ಯಾರು? ಅದನ್ನು ಬರೆದುಕೊಳ್ಳಿರಿ” ಎಂದರು. ಜನರು ನಕ್ಕರು. ನಾನೂ ನಕ್ಕೆನು. ಸಜ್ಜನರನ್ನು ಹೀಗೆ ಅನುಮಾನಿಸಬಾರದೆಂದು ನಾನೇ ಅವರಿಗೆ ಉಪದೇಶ ಮಾಡಿದೆನು. ಬಳಿಕ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮಿಂಚೂ ಸುರಿಯಲಿಲ್ಲ, ಲೋಕವೂ ಪುಡಿಯಾಗಲಿಲ್ಲ. ಆರು ತಿಂಗಳು ಆರು ವರ್ಷವಾಯಿತು, ಅಷ್ಟೆ. ಸಭೆಯನ್ನು ಕರೆಯಬೇಕಾದವರೂ ಅವರೇ ಆದುದರಿಂದ ಸಭೆಯು ಸೇರಲಿಲ್ಲ. ಮೊದಲು ಪತ್ರಿಕೆಗಳು ನಿಂತುವು. ಬಳಿಕ ಸಂಜೆಯ ಹೊತ್ತು ಬಾಗಿಲು ತೆರೆಯುವುದು ನಿಂತಿತು. ಕೇಳಲು ಹೋದರೆ, ಬಾಯಿ ತುಂಬ ಮಾತನಾಡಿಸಿ, ಕಾಫಿ ಕೊಟ್ಟು ಕಳುಹಿಸುತ್ತಿದ್ದರು. ಮೇಷ್ಟರು ದಿನವೂ ಬಂದು ಬೀಗದ ಮುಂದೆ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಿದ್ದುದನ್ನು ನಾನು ನಮ್ಮ ಮನೆಯ ಕಿಟಕಿಯಿಂದ ನೋಡುತ್ತಿದ್ದೆನು. ಒಂದು ದಿನವಾದರೂ ಹೊರಗೆ ಬಂದು ಅವರ ಪಕ್ಕದಲ್ಲಿ ನಿಲ್ಲಲಿಲ್ಲ. ಅನುಮೋದಿಸಿದವನು ನಾನೆಂಬುದು ಅವರಿಗೆ ನೆನಪಿದ್ದಿತು; ಅದಕ್ಕೇ ನನಗೆ ಮುಖವಿರಲಿಲ್ಲ. ಬೀಗವು ತೆಗೆಯುವ ಮೊದಲೇ ಅವರು ತೀರಿಕೊಂಡರು.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಕರೆದು ಈ ಕಥೆಯನ್ನು ಹೇಳಿದೆನು. “ಚಪ್ಪಾಳೆ ತಟ್ಟಿದವರಿಗೆ ಏನೂ ಆಗುವುದಿಲ್ಲ ಮಗು, ಅವರು ಮನೆಗೆ ಹೋಗಿ ಊಟ ಮಾಡುವರು, ಮಕ್ಕಳನ್ನು ಸಾಕುವರು, ಮುದುಕರಾಗುವರು. ಒಂದು ದಿನ ಮೊಮ್ಮಗಳು ಕೇಳಿದಾಗ ಉತ್ತರ ಹೊಳೆಯದೆ ಕೂರುವರು” ಎಂದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಮೇಷ್ಟರ ಹೆಸರೇನು ತಾತ?” ಎಂದಳು. ಹೇಳಿದೆನು.

ಪದ್ಮೆಯೂ, ಜಾರ್ ಜಾರನೂ, ಅನಾಕಿನನೂ ಕೆಟ್ಟವರಾಗಿದ್ದರೆ ಈ ಕಥೆಯಿಂದ ನಮಗೆ ಪ್ರಯೋಜನವಿರುತ್ತಿರಲಿಲ್ಲ. ಅವರು ನಮ್ಮಂತಹವರು, ಒಬ್ಬಳಿಗೆ ಕರುಣೆ, ಒಬ್ಬನಿಗೆ ಮುಗ್ಧತೆ, ಒಬ್ಬನಿಗೆ ಪ್ರೀತಿ. ಈ ಮೂರೂ ಸದ್ಗುಣಗಳೇ. ಆದರೆ ಸದ್ಗುಣವು ಪ್ರಶ್ನೆ ಕೇಳುವುದನ್ನು ಮರೆತರೆ, ದುಷ್ಟನಿಗೆ ಅದಕ್ಕಿಂತ ಒಳ್ಳೆಯ ಏಣಿ ಬೇರೆಯಿಲ್ಲ. ದೇಶವಿರಲಿ, ಸಂಘವಿರಲಿ, ಅವಿಭಕ್ತ ಕುಟುಂಬದ ಬೀಗದ ಕೈಯಿರಲಿ, ಒಬ್ಬರ ಕೈಗೆ ಒಪ್ಪಿಸುವಾಗ ಮೂರು ಮಾತುಗಳನ್ನು ಕೇಳಲೇಬೇಕು. ಎಷ್ಟು ದಿನಕ್ಕೆ? ಲೆಕ್ಕವನ್ನು ನೋಡತಕ್ಕವರು ಯಾರು? ಹಿಂದಕ್ಕೆ ಪಡೆಯುವ ಬಗೆ ಹೇಗೆ? ಕೇಳಿಸಿಕೊಂಡವರು ಸಜ್ಜನರಾಗಿದ್ದರೆ ಬೇಸರಪಡುವುದಿಲ್ಲ. ಬೇಸರಪಟ್ಟರೆ, ಕೇಳಿದುದು ಒಳ್ಳೆಯದೇ ಆಯಿತು.

ರಜೆಯ ಕೊನೆಯ ವಾರದಲ್ಲಿ ಮಾವಿನ ಹಣ್ಣನ್ನು ಹಂಚುವ ವಿಷಯದಲ್ಲಿ ಮಕ್ಕಳಲ್ಲಿ ದೊಡ್ಡ ಕಲಹವಾಯಿತು. ಪಂಚಾಯತಿ ಸೇರಿತು. ಹಿರಿಯ ಮೊಮ್ಮಗನು ಗಂಭೀರನಾಗಿ, ಹಂಚುವ ಅಧಿಕಾರವನ್ನು ತನಗೊಬ್ಬನಿಗೇ ಕೊಟ್ಟರೆ ಎಲ್ಲರಿಗೂ ನ್ಯಾಯ ದೊರಕಿಸುವೆನೆಂದು ಹೇಳಿದನು. ಮಕ್ಕಳೆಲ್ಲ ಒಪ್ಪಿ ಕೈಯೆತ್ತಿದರು. ಕಿರಿಯವಳೊಬ್ಬಳು ಎತ್ತಲಿಲ್ಲ. “ಎಷ್ಟು ದಿನಕ್ಕೆ? ಬುಟ್ಟಿಯ ಹಣ್ಣನ್ನು ಎಣಿಸುವವರು ಯಾರು?” ಎಂದಳು. ಎಲ್ಲರೂ ನಕ್ಕರು.

ನಾನು ಈ ಸಲ ನಗಲಿಲ್ಲ. ಜಗಲಿಯಿಂದ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತೆನು.